ಎಂಟಾಣೆಯ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಾಲವಣಕರ್ ಬಾಳೂ

ಈ ಸಲದ ಮಾತನ್ನ ಭೋರ್ ಊರಿನ ಒಂದು ಮೈದಾನದ ಅಂಚಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಗಾಳಿ ಸದ್ದಿಗೆ ಅರ್ಧ ಮಾತು ಹಾರಿಹೋಗಿದೆ. ಹಾಗಾಗಿ ವಿಡಿಯೋದಲ್ಲಿ ಕೇಳಿಸದೆ ಹೋದದ್ದನ್ನೂ ಸೇರಿಸಿ ಇಲ್ಲಿ ಬರೆದು ಹಾಕ್ತಾ ಇದ್ದೀನಿ.

ಭೋರ್ ಗೊತ್ತಿಲ್ಲದವರಿಗೆ ಒಂದು ಮಾತು. ಪುಣೆಯಿಂದ ಸತಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಾಪೂರಹೋಳ ಅಂತ ಬರುತ್ತೆ, ಅಲ್ಲಿ ಬಲಕ್ಕೆ ತಿರುಗಿದರೆ ಈ ಊರು. ಪುಣೆಯಿಂದ ಸುಮಾರು 50 ಕಿಲೋಮೀಟರ್. 1948ರವರೆಗೆ ಇದು ಪಂತ ಸಚಿವರ ಸಂಸ್ಥಾನ, ಅರಮನೆ ಇವತ್ತಿಗೂ ಗಟ್ಟಿಯಾಗಿದೆ, ಸಿನಿಮಾ ಶೂಟಿಂಗಿಗೆ ಕೊಡ್ತಾರೆ. ನಾನು ಬಂದದ್ದು ಅರಮನೆ ನೋಡೋಕೆ. ನೋಡ್ತಾ ಕೂತದ್ದು ಮಾತ್ರ ಟೆನಿಸ್ ಬಾಲ್ ಟೂರ್ನಮೆಂಟು.

ಒಬ್ಬ ಎಡಗೈ ಹುಡುಗ ಬೌಲ್ ಮಾಡ್ತಿದ್ದ. ಪಂದ್ಯ ಮುಗಿದ ಮೇಲೆ ಮಾತಾಡಿಸಿದರೆ, ಅವನು ಈ ಊರಿನವನೇ ಅಲ್ಲ. ಭಾನುವಾರಕ್ಕೊಂದು ಊರು, ಊರಿಗೊಂದು ತಂಡ. ಪಂದ್ಯಕ್ಕೆ ಇಷ್ಟು ಅಂತ ದುಡ್ಡು, ಪೆಟ್ರೋಲ್ ಖರ್ಚು ಬೇರೆ. ಬ್ಯಾಟಿಂಗ್ ಮಾಡಲ್ವಾ ಅಂತ ಕೇಳಿದೆ. "ಅದಕ್ಕೆ ಬೇರೆಯವರನ್ನ ಕರೆಸಿರ್ತಾರೆ" ಅಂದ. ಬೇಜಾರಿಲ್ಲದೆ ಹೇಳಿದ, ಪ್ಲಂಬರ್ ಒಬ್ಬ ವೈರಿಂಗ್ ನನ್ನ ಕೆಲಸ ಅಲ್ಲ ಅಂತ ಹೇಳೋ ಹಾಗೆ.

ಅಲ್ಲೇ ನನಗೆ ಬಾಳೂ ನೆನಪಾದದ್ದು. ಎಡಗೈ ಸ್ಪಿನ್ನರ್, ಕೂಲಿಗೆ ಬೌಲ್ ಮಾಡಿದವನು, ಇದೇ ಪುಣೆ–ಸತಾರಾ ಸೀಮೆಯಲ್ಲಿ ಹೆಸರು ಮಾಡಿದವನು. ಮತ್ತೆ, ನಮ್ಮ ಧಾರವಾಡದಲ್ಲಿ ಹುಟ್ಟಿದವನು.

ಬಾಳೂ ಕಥೆಯನ್ನ ಈಗ ಬಹಳ ಜನ ಹೇಳ್ತಾರೆ. ಬೆಂಗಳೂರಿನಲ್ಲೇ ಇರುವ ರಾಮಚಂದ್ರ ಗುಹಾ ಅವರು ಬರೆದ ಮೇಲೆ ಅದು ಮತ್ತೆ ಬೆಳಕಿಗೆ ಬಂತು. ಸಾಮಾನ್ಯವಾಗಿ ಅದನ್ನ ಜಾತಿಯ ಕಥೆಯಾಗಿ ಹೇಳ್ತಾರೆ. ಸರಿಯೇ, ಅದು ಜಾತಿಯ ಕಥೆಯೇ. ಆದರೆ ಅದರ ಒಳಗೆ ಇನ್ನೊಂದಿದೆ, ಸಂಬಳದ ಕಥೆ. ಇವತ್ತು ನಾನು ಆ ಲೆಕ್ಕದ ಪುಸ್ತಕವನ್ನ ಹಿಡ್ಕೊಂಡು ಹೋಗ್ತೀನಿ.

ಹುಟ್ಟಿದ ವರ್ಷ 1875 ಅಂತ ಕೆಲವರು, 1876 ಅಂತ ಕೆಲವರು. ಚರ್ಮಕಾರ ಸಮುದಾಯ, ಅಂದ್ರೆ ಆ ಕಾಲಕ್ಕೆ ಅಸ್ಪೃಶ್ಯರು. ಪಾಲವಣಿ ಅನ್ನೋ ಕೊಂಕಣದ ಹಳ್ಳಿಯಿಂದ ಮನೆಹೆಸರು ಬಂತು, ತಂದೆಯ ಸೈನ್ಯದ ನೌಕರಿಯಿಂದ ಹುಟ್ಟೂರು ಧಾರವಾಡ ಆಯ್ತು, ಬೆಳೆದದ್ದು ಪುಣೆ. ಬ್ರಿಟಿಷ್ ಅಧಿಕಾರಿಗಳು ಬಿಸಾಕಿದ ಬ್ಯಾಟು, ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು.

ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಕೆಲಸ ಏನು? ಪಿಚ್ ಗುಡಿಸೋದು, ರೋಲರ್ ಎಳೆಯೋದು, ಆಗಾಗ ಸದಸ್ಯರಿಗೆ ಚೆಂಡು ಎಸೆಯೋದು. ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದ, ಅಲ್ಲಿ 4 ರೂಪಾಯಿ. ನೆಟ್ ಕಟ್ಟಬೇಕು, ಪಿಚ್ ರೋಲ್ ಮಾಡಬೇಕು, ಟೆನಿಸ್ ಅಂಗಳಕ್ಕೆ ಗೆರೆ ಹಾಕಬೇಕು. ಟ್ರಾಸ್ ಅನ್ನೋ ಒಬ್ಬ ಸಾಹೇಬ, ನೀನೂ ನೆಟ್‌ನಲ್ಲಿ ಬೌಲ್ ಮಾಡು ಅಂತ ಹುರಿದುಂಬಿಸಿದ. ಅಲ್ಲಿಂದ ಬದುಕು ತಿರುಗಿತು.

ಆ ಕ್ಲಬ್ಬಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ.ಜಿ. ಗ್ರೇಗ್. ಮಿಕ್ಕವರು ಬರೋದಕ್ಕೆ ಒಂದು ಗಂಟೆ ಮೊದಲೇ ಬಂದು ಬಾಳೂ ಬೌಲಿಂಗ್‌ಗೆ ಅಭ್ಯಾಸ ಮಾಡ್ತಿದ್ದ. ತನ್ನನ್ನ ಔಟ್ ಮಾಡಿದರೆ ಪ್ರತಿ ಸಲಕ್ಕೆ ಎಂಟಾಣೆ ಕೊಡ್ತಿದ್ದ ಅಂತ ಪ್ರತೀತಿ. ಈ ಎಂಟಾಣೆಯನ್ನ ಎಲ್ಲರೂ ಸಾಹೇಬನ ದೊಡ್ಡತನ ಅನ್ನೋ ಹಾಗೆ ಹೇಳ್ತಾರೆ. ಒಂಚೂರು ಲೆಕ್ಕ ಹಾಕಿ. ಆರು ಸಲ ಔಟ್ ಮಾಡಿದರೆ ಪಾರ್ಸಿ ಕ್ಲಬ್ಬಿನ ಒಂದು ತಿಂಗಳ ಸಂಬಳ. ವಾರಕ್ಕೆ ಎರಡು ಸಲ ಔಟ್ ಮಾಡಿದರೆ ಪೂನಾ ಕ್ಲಬ್ಬಿನ ಸಂಬಳ ಡಬ್ಬಲ್. ಮನೆ ನಡೆಯೋದು ಚೆಂಡಿನ ತಿರುವಿನ ಮೇಲೆ! ಅಂಥವನ ಲೆಂಗ್ತು, ಫ್ಲೈಟು ಯಾಕೆ ಅಷ್ಟು ನಿಖರವಾಗಿತ್ತು ಅಂತ ಕೇಳಬೇಕಾಗಿಲ್ಲ. ಅದರ ಜೊತೆಗೆ, ತಾನೇ ರೋಲರ್ ಎಳೆದ ಪಿಚ್. ಯಾವ ಜಾಗದಲ್ಲಿ ಮಣ್ಣು ಸಡಿಲ, ಎಲ್ಲಿ ತೇವ ಅನ್ನೋದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?

ಇಷ್ಟೆಲ್ಲ ವರ್ಷ ಪೂನಾ ಕ್ಲಬ್ಬಿನ ನೆಟ್‌ನಲ್ಲಿ ಬಾಳೂ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನ ಕೆಲಸ. ಭೋರ್ ಮೈದಾನದ ಹುಡುಗನ ಉತ್ತರ ನನ್ನ ಕಿವಿಯಲ್ಲಿ ಉಳಿದದ್ದು ಇದಕ್ಕೇ.

ಇನ್ನು ಪುಣೆಯ ಹಿಂದೂಗಳ ತಂಡ. ಅವರಿಗೆ ಯುರೋಪಿಯನ್ನರನ್ನ ಸೋಲಿಸಬೇಕು, ಸೋಲಿಸೋಕೆ ಬಾಳೂ ಬೇಕು, ಆದರೆ ಬಾಳೂ ಮುಟ್ಟಿಸಿಕೊಳ್ಳಬಾರದವನು. ಬಿಟ್ಟರೆ ಹಿಂದೂಗಳು ಮೂರ್ಖರು ಅಂತ ಗ್ರೇಗ್ ಬಹಿರಂಗವಾಗಿಯೇ ಹೇಳಿದ. ಕೊನೆಗೆ ಸೇರಿಸಿಕೊಂಡರು. ಹೇಗೆ ಗೊತ್ತಾ? ಮೈದಾನದ ಒಳಗೆ ಎಲ್ಲರೂ ಒಂದೇ ಚೆಂಡು ಮುಟ್ಟಬಹುದು. ಟೀ ವಿರಾಮಕ್ಕೆ ಬಾಳೂಗೆ ಪೆವಿಲಿಯನ್ ಹೊರಗಡೆ, ಬಿಸಾಕೋ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಆ ಚೆಂಡು ಚರ್ಮದ್ದು ಅನ್ನೋದು ಯಾರಿಗೂ ಹೊಳೀಲಿಲ್ವೋ, ಹೊಳೆದರೂ ಸುಮ್ಮನಿದ್ದರೋ.

ಪಂದ್ಯಗಳನ್ನ ಗೆದ್ದರು. ಸತಾರಾದ ಯುರೋಪಿಯನ್ ಜಿಮ್ಖಾನಾದವರು ಚೆಂಡು ತಿರುಗದಿರಲಿ ಅಂತ ದಿನಗಟ್ಟಲೆ ಪಿಚ್ ರೋಲ್ ಮಾಡಿಸಿದ್ದರಂತೆ. ಬಾಳೂ 7 ವಿಕೆಟ್ ತೆಗೆದ. ರೋಲರ್ ಎಳೆದು ಬೆಳೆದವನ ಮುಂದೆ ರೋಲರ್ ಆಟ! ಪುಣೆಗೆ ಮರಳಿದ ಮೇಲೆ ಸನ್ಮಾನ ಆಯ್ತು, ಮಹಾದೇವ ಗೋವಿಂದ ರಾನಡೆಯವರು ಹಾರ ಹಾಕಿದರು ಅಂತಾರೆ.

1896ರಲ್ಲಿ ಪ್ಲೇಗ್ ಬಂತು. ಬಾಳೂ ಮುಂಬೈಗೆ ಹೋದ. ಹಿಂದೂ ಜಿಮ್ಖಾನಾದಲ್ಲಿ ಅದೇ ತಕರಾರು, ಅದೇ ಪರಿಹಾರ. ಹೊಟ್ಟೆಪಾಡಿಗೆ ರೈಲ್ವೆ ನೌಕರಿ, ಅವರ ತಂಡಕ್ಕೂ ಆಟ. ಇಂಥ ಆಟಗಾರನ ಬದುಕು ಇರೋದೇ ಹೀಗೆ. ಯಾವ ತಂಡ ಅನ್ನೋದು ಎಲ್ಲಿ ಕೆಲಸ ಸಿಕ್ಕಿತು ಅನ್ನೋದರ ಮೇಲೆ.

1906ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಿಂದೂಗಳು ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿದರು. ಹಿಂದೂಗಳು 242 ಮತ್ತು 160, ಅವರು 191 ಮತ್ತು 102. ಬಾಳೂ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್. ಇದರ ಜೊತೆ ಇನ್ನೊಂದು ನೆನಪಿಡಿ, ದಾಖಲೆಗಳ ಪ್ರಕಾರ ಅವನ ಪ್ರಥಮ ದರ್ಜೆ ಕ್ರಿಕೆಟ್ ಶುರುವಾದದ್ದೇ ಆ ಸೀಸನ್ನಿನಲ್ಲಿ. ವಯಸ್ಸು ಮೂವತ್ತರ ಆಸುಪಾಸು. ಅದಕ್ಕೆ ಮೊದಲಿನ ಹದಿನೈದು ವರ್ಷದ ಎಸೆತಗಳು ಯಾವ ಸ್ಕೋರ್ ಬುಕ್ಕಿನಲ್ಲೂ ಲೆಕ್ಕಕ್ಕಿಲ್ಲ.

1911ರಲ್ಲಿ ಇಂಗ್ಲೆಂಡ್ ಪ್ರವಾಸ. ನಾಯಕ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ಆ ದೊರೆ ಮೈದಾನಕ್ಕಿಂತ ಔತಣಕೂಟಗಳಲ್ಲಿ ಹೆಚ್ಚು ಇದ್ದ. ತಂಡ ಸೋತದ್ದೇ ಜಾಸ್ತಿ. ನೋಯುವ ಭುಜ ಇಟ್ಟುಕೊಂಡು ಬಾಳೂ ಇಡೀ ಬೇಸಿಗೆ ಬೌಲ್ ಮಾಡಿದ. ಎಲ್ಲ ಪಂದ್ಯ ಸೇರಿ 114 ವಿಕೆಟ್, ಅದರಲ್ಲಿ ಪ್ರಥಮ ದರ್ಜೆಯವು 75. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಲ್ಲಿ 103 ರನ್ನಿಗೆ 8. ಇಡೀ ಜೀವಮಾನದಲ್ಲಿ ಅವನು ಆಡಿದ ಪ್ರಥಮ ದರ್ಜೆ ಪಂದ್ಯ 33, ವಿಕೆಟ್ 179, ಸರಾಸರಿ 15.21. ನೂರಕ್ಕೆ ನಲವತ್ತಕ್ಕೂ ಹೆಚ್ಚು ವಿಕೆಟ್ ಆ ಒಂದೇ ಬೇಸಿಗೆಯವು.

ಇಲ್ಲಿ ಸ್ವಲ್ಪ ನಿಲ್ತೀನಿ. ಬಾಳೂ ನೋಡಿದ ಆ ಇಂಗ್ಲೆಂಡ್‌ನಲ್ಲೂ ಸಂಬಳದ ಆಟಗಾರರಿಗೆ ಬೇರೆ ಡ್ರೆಸ್ಸಿಂಗ್ ರೂಮು, ಮೈದಾನಕ್ಕೆ ಇಳಿಯೋಕೆ ಬೇರೆ ಗೇಟು. ನಾಯಕತ್ವ ಅಂದ್ರೆ ಸಂಬಳ ತಗೊಳ್ಳದ ಜೆಂಟಲ್‌ಮನ್‌ಗೆ. 20ನೇ ಶತಮಾನದಲ್ಲಿ ಇಂಗ್ಲೆಂಡ್ ತಂಡಕ್ಕೆ ಸಂಬಳದ ಆಟಗಾರನೊಬ್ಬ ನಾಯಕ ಆದದ್ದು 1952ರಲ್ಲಿ, ಲೆನ್ ಹಟನ್. ಆ ಭೇದವನ್ನ ಕಾಗದದ ಮೇಲಿಂದ ತೆಗೆದದ್ದು 1962ರಲ್ಲಿ. ಅಂದ್ರೆ ಕೂಲಿಗೆ ಆಡೋನು ಕೀಳು ಅನ್ನೋ ಗೋಡೆ ಅಲ್ಲೂ ಇತ್ತು. ಬಾಳೂಗೆ ಅದರ ಹಿಂದೆ ಇನ್ನೊಂದು ಗೋಡೆ. ಅಲ್ಲಿನ ವೃತ್ತಿಪರ ಬೌಲರ್‌ಗೆ ಗೇಟು ಬೇರೆ ಇರಬಹುದು, ಅವನ ಜೊತೆಯವರೇ ಅವನನ್ನ ಮುಟ್ಟೋಕೆ ಹೇಸ್ತಿರಲಿಲ್ಲ. ಎರಡನ್ನೂ ಒಂದೇ ಅಂತ ಸಮೀಕರಿಸೋದು ತಪ್ಪು ಅಂತ ನನಗನ್ನಿಸುತ್ತೆ.

ಪ್ರವಾಸ ಮುಗಿಸಿ ಬಂದಾಗ ಮುಂಬೈಯ ದಲಿತರು ಸನ್ಮಾನ ಮಾಡಿದರು. ಅದರ ಬಿನ್ನವತ್ತಳೆ ಬರೆದ ತರುಣ ಭೀಮರಾವ್ ಅಂಬೇಡ್ಕರ್.

ನಾಯಕತ್ವ ಮಾತ್ರ ಬರಲಿಲ್ಲ. ಎಂ.ಡಿ. ಪೈ ನಾಯಕರಾಗಿದ್ದಾಗ, ಈ ಗೌರವ ಹಿರಿಯ ಬಾಳೂಗೆ ಸಲ್ಲಬೇಕಿತ್ತು ಅಂತ ಸ್ವತಃ ಹೇಳಿದ್ದಾರೆ, ಅದನ್ನ ಮೆಚ್ಚಬೇಕು. 1920ರಲ್ಲಿ ಬಾಳೂನನ್ನ ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ನಾವೂ ಆಡಲ್ಲ ಅಂತ ಹೊರಗೆ ಬಂದರು. ಆಮೇಲೆ ರಾಜಿ ಆಯ್ತು. ಬಾಳೂ ಉಪನಾಯಕ, ಫೈನಲ್‌ನಲ್ಲಿ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋದಾಗ ಫೀಲ್ಡ್ ಸೆಟ್ ಮಾಡಿದ್ದು ಅವನು. ಅಷ್ಟು ವರ್ಷ ದುಡಿದದ್ದಕ್ಕೆ ಅಷ್ಟು ಹೊತ್ತಿನ ಕ್ಯಾಪ್ಟನ್ಸಿ! 1923ರಲ್ಲಿ ವಿಠ್ಠಲ ನಿಜವಾಗಿ ನಾಯಕನಾದ, ಆ ವರ್ಷ ಹಿಂದೂಗಳು ಗೆದ್ದರು.

ಬಾಳೂ ಆಮೇಲೆ ರಾಜಕೀಯಕ್ಕೆ ಬಂದ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅಂಬೇಡ್ಕರ್‌ಗೆ ವಿರುದ್ಧ ನಿಂತ. 1937ರ ಮುಂಬೈ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನ ಅಂಬೇಡ್ಕರ್ ಎದುರಿಗೇ ನಿಲ್ಲಿಸಿತು. ಅಂಬೇಡ್ಕರ್ 13,245 ಮತ, ಬಾಳೂ 11,225. ಬಿನ್ನವತ್ತಳೆ ಬರೆದವನೂ ಓದಿಸಿಕೊಂಡವನೂ ಎದುರಾಬದುರು. ಇದನ್ನ ಕೆಲವರು ಬಾಳೂ ಮೇಲಿನ ಕಪ್ಪುಚುಕ್ಕೆ ಅಂತಾರೆ. ನನಗೆ ಹಾಗೆ ಸುಲಭವಾಗಿ ತೀರ್ಪು ಕೊಡೋಕೆ ಆಗಲ್ಲ. ಜೀವನಪೂರ್ತಿ ಬೇರೆಯವರ ಕ್ಲಬ್ಬಿನ ಒಳಗೆ ಜಾಗ ಗಿಟ್ಟಿಸಿಕೊಂಡವನು, ಒಳಗಿದ್ದೇ ಗೆಲ್ಲಬಹುದು ಅಂತ ನಂಬಿದ್ದರೆ ಆಶ್ಚರ್ಯ ಏನಿದೆ? ಅಂಬೇಡ್ಕರ್ ಕಂಡ ದಾರಿ ಬೇರೆ, ಅದೇ ಸರಿ ಅಂತ ಕಾಲ ಹೇಳ್ತು.

1955ರ ಜುಲೈನಲ್ಲಿ ಬಾಳೂ ತೀರಿಕೊಂಡ. ವಿಠ್ಠಲ ಮರಾಠಿಯಲ್ಲಿ ಆತ್ಮಕಥೆ ಬರೆದಿದ್ದಾನೆ, ಮುಂದಿನ ಸಲ ಅವನ ಬಗ್ಗೆ ಮಾತಾಡ್ತೀನಿ. ಭೋರ್ ಹುಡುಗನ ತಂಡ ಆ ದಿನ ಸೆಮಿಫೈನಲ್‌ನಲ್ಲಿ ಸೋತಿತು, ಅವನ ದುಡ್ಡು ಅವನಿಗೆ ಸಿಕ್ಕಿತು.