ಅಂಚು, ದಡಿ, ಬದು, ದಂಡಿ: ಗಡಿ ತಾಲ್ಲೂಕುಗಳ ಒಂದು ಪದಬಳಗದ ಚರಿತ್ರೆ

ಇಂಗ್ಲಿಷಿನ ‘ಸ್ಕರ್ಟ್’ ಎಂಬ ಪದ ಮೊದಲು ಬಟ್ಟೆಯ ಹೆಸರು. ಹಳೆಯ ನಾರ್ಸ್ ಭಾಷೆಯಿಂದ ಬಂದ ಇದು ‘ಶರ್ಟ್’ನ ಒಡಹುಟ್ಟು. ಉಡುಪಿನ ಕೆಳಭಾಗವನ್ನು ಹೇಳುತ್ತಿದ್ದ ಪದ ಕ್ರಮೇಣ ಊರಿನ, ಕಾಡಿನ ಅಂಚಿಗೂ ಸಂದಿತು. ಮುಂದೆ ಕ್ರಿಯಾಪದವಾಗಿ ಅಂಚಿನಲ್ಲಿ ಸಾಗುವುದನ್ನೂ ವಿಷಯಕ್ಕೆ ಮುಖಕೊಡದೆ ಜಾರಿಕೊಳ್ಳುವುದನ್ನೂ ಸೂಚಿಸತೊಡಗಿತು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ ಕಡೆ ಈ ಪದದ ಎರಡು ರೂಪಗಳು ಮಾತ್ರ ಬಳಕೆಗೆ ಬಂದಿವೆ: ಶಾಲಾ ಹುಡುಗಿಯರ ಸಮವಸ್ತ್ರದ ‘ಸ್ಕರ್ಟ್’ ಮತ್ತು ಗೋಡೆಯ ಬುಡಕ್ಕೆ ಟೈಲ್ಸ್ ಪಟ್ಟಿ ಕೂರಿಸುವ ಗೌಂಡಿಯ ‘ಸ್ಕರ್ಟಿಂಗ್’. ಜಾರಿಕೊಳ್ಳುವ ಅರ್ಥ ಇಲ್ಲಿಗೆ ಬರಲಿಲ್ಲ. ಅಂಚಿಗೂ ತಪ್ಪಿಸಿಕೊಳ್ಳುವುದಕ್ಕೂ ಈ ಸೀಮೆಯಲ್ಲಿ ಮೊದಲೇ ಬೇಕಾದಷ್ಟು ಪದಗಳಿದ್ದವು.

ಆ ಪದಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಆಡುಮಾತಿನಲ್ಲಿ ಅಂಚೆಂದರೆ ಗೆರೆಯಲ್ಲ, ಅಗಲವುಳ್ಳ ಪಟ್ಟಿ.

ಸೀರೆಯಿಂದಲೇ ಶುರುಮಾಡಬಹುದು. ಈ ಭಾಗದ ಹೆಂಗಸರು ತಲೆಮಾರುಗಳಿಂದ ಉಡುತ್ತಿರುವ ಇಳಕಲ್ ಸೀರೆಯಲ್ಲಿ ಉದ್ದಕ್ಕೆ ಸಾಗುವ ಅಂಚಿಗೆ ‘ದಡಿ’ ಎನ್ನುತ್ತಾರೆ, ಹೆಗಲ ಮೇಲೆ ಬೀಳುವ ತುದಿಗೆ ‘ಸೆರಗು’. ಸೆರಗಿನ ಹಾಸುನೂಲು ರೇಷ್ಮೆಯದು, ಒಡಲಿನದು ಹೆಚ್ಚಾಗಿ ಹತ್ತಿಯದು. ನೇಕಾರರು ಎರಡೂ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ. ಈ ಕೆಲಸಕ್ಕೆ ‘ಕೊಂಡಿ’ ಎಂದು ಹೆಸರು. ಬೇರೆ ಬೇರೆ ನೂಲುಗಳು ಕೂಡುವ ಆ ಜಾಗವೇ ಇಡೀ ಸೀರೆಯಲ್ಲಿ ಹೆಚ್ಚು ಕೌಶಲ ಬೇಡುವಂಥದ್ದು.

ಹೊಲದ ಅಂಚು ‘ಬದು’. ಎರಡು ಹೊಲಗಳ ನಡುವೆ ಎತ್ತರಿಸಿದ ಮಣ್ಣಿನ ಈ ಪಟ್ಟಿಯಲ್ಲಿ ದನಕ್ಕೆ ಹುಲ್ಲು ಸಿಗುತ್ತದೆ, ಬನ್ನಿ ಜಾಲಿ ಬೆಳೆಯುತ್ತವೆ, ಬುತ್ತಿ ಹೊತ್ತವರು ನಡೆಯುತ್ತಾರೆ. ವರ್ಷಕ್ಕೊಂದು ಸಾಲಿನಂತೆ ನೇಗಿಲು ಬದುವಿನೊಳಕ್ಕೆ ಸರಿದರೆ ಜಗಳ ಹುಟ್ಟುತ್ತದೆ. ಜಗಳ ಬಲಿತಾಗ ರೈತರು ತಾಲ್ಲೂಕಿನ ಭೂಮಾಪನ ಕಚೇರಿಗೆ ‘ಹದ್ದುಬಸ್ತು’ ಅರ್ಜಿ ಹಾಕುತ್ತಾರೆ. ಭೂಮಾಪಕರು ಬಂದು ಅಳತೆ ಮಾಡಿ ಎಲ್ಲೆಯ ‘ಬಾಂದುಕಲ್ಲು’ ಇದ್ದ ಜಾಗವನ್ನು ಗುರುತಿಸಿಕೊಡುತ್ತಾರೆ. ‘ಹದ್ದು’ ಅರಬ್ಬಿಯಿಂದ ಬಂದದ್ದು, ‘ಬಸ್ತು’ ಫಾರಸಿಯಿಂದ, ‘ಬದು’ ಕನ್ನಡದ್ದು. ಒಂದೇ ಅಂಚಿನ ಜಗಳ ಮೂರು ಭಾಷೆಗಳ ಮಾತುಗಳಲ್ಲಿ ಬಗೆಹರಿಯುತ್ತದೆ.

ಈ ಪದಗಳ ಹಿಂದೆ ಆಡಳಿತದ ದೊಡ್ಡ ಚರಿತ್ರೆಯಿದೆ. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ನೆಟ್ಟ ಕಲ್ಲು, ಹಳ್ಳ, ಮರ, ದಾರಿಗಳನ್ನು ಹೆಸರಿಸಿ ಹೇಳುವುದು ಕನ್ನಡ ಶಾಸನಗಳ ಕ್ರಮ. ಈ ಸೀಮೆಯನ್ನಾಳಿದ ರಟ್ಟರ ಕಾಲದ ಶಾಸನಗಳೂ ಆ ಪರಂಪರೆಯವೇ. ಬ್ರಿಟಿಷರು ಬಂದ ಮೇಲೆ ಅವರ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1836ರ ಹೊತ್ತಿಗೆ ಪುಣೆ ಬಳಿಯ ಇಂದಾಪುರದಲ್ಲಿ ರೂಪಿಸಿದ ಕಂದಾಯ ಮೋಜಣಿ ಮುಂಬಯಿ ಪ್ರಾಂತ್ಯದ ದಕ್ಷಿಣದ ಜಿಲ್ಲೆಗಳಿಗೂ ಹಬ್ಬಿತು. ಬದುವಿನ ಜೊತೆಗೆ ನಕಾಶೆಯ ಗೆರೆಯೂ ಬಂದಿತು. ಆಗಲೂ ಈ ನಾಡು ಒಂದೇ ಆಡಳಿತದಲ್ಲಿರಲಿಲ್ಲ: ಚಿಕ್ಕೋಡಿ, ಅಥಣಿಗಳು ಬೆಳಗಾವಿ ಜಿಲ್ಲೆಗೆ ಸೇರಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದಾಗಿತ್ತು.

ನದಿಯ ಅಂಚು ‘ಹೊಳಿ ದಂಡಿ’. ಕೃಷ್ಣೆಯ ಬದಿಯ ಊರುಗಳು ‘ಹೊಳೆಸಾಲು’. ನೀರಿಗೆ ದೂರವಾದ ಎತ್ತರದ ಕಲ್ಲುಭೂಮಿ ‘ಮಡ್ಡಿ’. ಶೇಡಬಾಳದವರಾದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಬರಹಕ್ಕೆ ತಂದದ್ದು ಈ ಸೀಮೆಯ ಒಕ್ಕಲುತನದ ಬದುಕನ್ನು ಮತ್ತು ಅದರ ಆಡುಮಾತನ್ನು.

ಇನ್ನು ತಪ್ಪಿಸಿಕೊಳ್ಳುವ ಬಗೆ. ಕೆಲಸಕ್ಕೆ ಹೆದರಿದವನು ‘ಕಳ್ಳಬೀಳುತ್ತಾನೆ’, ಮಾತಿಗೆ ಸಿಗದವನು ‘ನುಣುಚಿಕೊಳ್ಳುತ್ತಾನೆ’, ಕೊಡುವ ಉತ್ತರ ‘ಹಾರಿಕೆ’ಯದು. ಇವೆಲ್ಲ ಮನುಷ್ಯನ ದೋಷ ಹೇಳುವ ಮಾತುಗಳು. ‘ಬಳಸು’ ಮಾತ್ರ ಬೇರೆ. ಸುತ್ತಿ ಹೋಗುವುದೂ ಬಳಸುವುದೇ, ಉಪಯೋಗಿಸುವುದೂ ಬಳಸುವುದೇ. ಮಳೆಗಾಲದಲ್ಲಿ ದೂಧಗಂಗಾ, ವೇದಗಂಗಾ, ಕೃಷ್ಣೆ ತುಂಬಿ ಹರಿದಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ಆಗ ದಾರಿ ಕೇಳಿದವರಿಗೆ ಸಿಗುವ ಉತ್ತರ ‘ಸುತ್ತ ಹಾಕಿ ಹೋಗ್ರಿ’. ಇಲ್ಲಿ ತಪ್ಪಿಸುವುದು ಪಲಾಯನವಲ್ಲ, ದಾರಿ ಬಲ್ಲವರ ವಿವೇಕ. ಈ ಪೈಕಿ ಮಲಿಕವಾಡ ಕರ್ನಾಟಕದ್ದು, ದತ್ತವಾಡ ಮಹಾರಾಷ್ಟ್ರದ್ದು. ಮುಳುಗುವ ಸೇತುವೆ ಎರಡು ರಾಜ್ಯಗಳದ್ದು.

ರಾಜ್ಯದ ಗಡಿ ಬಂದದ್ದು 1956ರ ನವೆಂಬರ್ 1ರಂದು. ಬೆಳಗಾವಿ ಜಿಲ್ಲೆಯ ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು, ಮಿಕ್ಕ ಜಿಲ್ಲೆ ಮೈಸೂರಿಗೆ ಬಂದಿತು. ಈ ಗಡಿಯ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟಿತು: ನಿಪ್ಪಾಣಿ, ಖಾನಾಪುರ ಮಹಾರಾಷ್ಟ್ರಕ್ಕೆ, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಊರುಗಳು ಮೈಸೂರಿಗೆ, ಬೆಳಗಾವಿ ಮೈಸೂರಿನಲ್ಲೇ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಜನಜೀವನ ಮಾತ್ರ ಗೆರೆಯ ಎರಡೂ ಮಗ್ಗುಲಲ್ಲಿ ನಡೆಯಿತು. ನಿಪ್ಪಾಣಿಗೆ ಹೊಂದಿಕೊಂಡೇ ಇರುವ ದೇವಚಂದ ಕಾಲೇಜು ಮಹಾರಾಷ್ಟ್ರದ ಕಾಗಲ ತಾಲ್ಲೂಕಿನ ಅರ್ಜುನನಗರದ್ದು. ಗಡಿಯ ಈಚೆಯ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದರು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಪಟ್ಟಿಯಾಗಿರುವ ಅಂಚಿನಲ್ಲಿ ಭಾಷೆ ಹೇಗೆ ಬಾಳುತ್ತದೆ ಎಂಬುದಕ್ಕೆ ಜಗತ್ತಿಗೆ ಗೊತ್ತಿರುವ ಸಾಕ್ಷ್ಯ ಕಾಗವಾಡಕ್ಕೆ ಹತ್ತಿರದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿದೆ. ಅಲ್ಲಿ ಜೈನರು, ಲಿಂಗಾಯತರು ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ಉಳಿದ ಹಲವರು ಮರಾಠಿಯನ್ನೂ ಆಡುತ್ತಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪದಗಳು ಬೇರೆಯಾಗಿಯೇ ಉಳಿದು ವಾಕ್ಯರಚನೆ ಒಂದಾಗಿತ್ತು. ಗ್ರಾಂಥಿಕ ಕನ್ನಡ ‘ಇದು ನಿಮ್ಮ ಮನೆ’ ಎಂದು ನಿಲ್ಲಿಸಿದರೆ ಕುಪವಾಡದ ಕನ್ನಡ ಕೊನೆಗೆ ‘ಐತಿ’ ಸೇರಿಸುತ್ತದೆ, ಪಕ್ಕದ ಮರಾಠಿಯ ಹಾಗೆ. ಅಲ್ಲಿಯ ಮರಾಠಿಯೂ ಲಿಂಗವ್ಯವಸ್ಥೆಯಲ್ಲಿ ಕನ್ನಡದ ದಾರಿ ಹಿಡಿದಿತ್ತು: ಗಂಡಸು, ಹೆಂಗಸು, ಮಿಕ್ಕದ್ದೆಲ್ಲ ನಪುಂಸಕ. ಕೊಡುಕೊಳೆ ಎರಡೂ ಕಡೆಯಿಂದ ನಡೆದಿತ್ತು.

ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟು ಮುಖ್ಯವಾಗಿ ಸಾಹಿತ್ಯ ಮತ್ತು ಶಾಸನಗಳನ್ನು ಆಧರಿಸಿದ ಮಹಾಕಾರ್ಯ. ಅದರ ಪಕ್ಕದಲ್ಲಿ ಈ ಐದು ತಾಲ್ಲೂಕುಗಳ ಅಂಚಿನ ಪದಗಳಿಗೆ ಪ್ರತ್ಯೇಕ ಕೋಶವೊಂದು ಬೇಕು. ಮೋಜಣಿಯವರು, ಗೌಂಡಿಗಳು, ಹೊಳೆಸಾಲಿನ ರೈತರು, ಸೀರೆ ಅಂಗಡಿಯವರು ಆಡುವ ಪದಗಳನ್ನು ಊರು, ಕಸುಬು, ಸಂದರ್ಭಗಳ ಸಮೇತ ದಾಖಲಿಸಬೇಕು. ಮರಾಠಿ, ಉರ್ದುಗಳ ಸಮಾನ ಪದಗಳನ್ನೂ ಅದೇ ನಮೂದಿನಲ್ಲಿ ಕೊಡಬೇಕು. ಹಳೆಯ ಮೋಜಣಿ ಕಾಗದಗಳನ್ನು ಓದಬಲ್ಲ, ಬಾಂದುಕಲ್ಲುಗಳ ಜಾಗವನ್ನು ನೆನಪಿನಿಂದಲೇ ತೋರಿಸಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಕೆಲಸ ಅವರಿಂದಲೇ ಶುರುವಾಗಬೇಕು.