ಮುರಕಲ್ಲಿನ ನಾಡಿನಲ್ಲಿ ಟೊಳ್ಳು ಇಟ್ಟಿಗೆ

ಸುಟ್ಟ ಮಣ್ಣಿನ ಟೊಳ್ಳು ಇಟ್ಟಿಗೆ ಈಚೆಗೆ ನಮ್ಮ ಕಡೆಯ ಹೊಸ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳತೊಡಗಿದೆ. ಗೃಹಸಾಲಕ್ಕೆಂದು ಬ್ಯಾಂಕಿಗೆ ಬರುವ ಎಸ್ಟಿಮೇಟುಗಳನ್ನು ದಿನವೂ ತಿರುವಿಹಾಕುವವನು ನಾನು. ಅವುಗಳಲ್ಲಿ 'ಹಾಲೋ ಬ್ರಿಕ್ಸ್' ಎಂದು ಬರೆದಿದ್ದರೆ ಹೆಚ್ಚಾಗಿ ಅದು ಸಿಮೆಂಟಿನ ಬ್ಲಾಕು. ಅಪರೂಪಕ್ಕೆ ಒಮ್ಮೆ ನಿಜವಾದ ಮಣ್ಣಿನ ಟೊಳ್ಳು ಇಟ್ಟಿಗೆಯ ಲೆಕ್ಕ ಬಂದಾಗ ಎಲ್ಲರೂ ಅದನ್ನು ಹೊಸ ಶೋಧವೆಂಬಂತೆ ನೋಡುತ್ತಾರೆ. ಆದರೆ ಅದರ ಚರಿತ್ರೆ ನಮ್ಮ ತಲೆಯ ಮೇಲಿನ ಹಂಚಿನ ಚರಿತ್ರೆಗಿಂತಲೂ ಹಳೆಯದು.

ತಿರುಳು ಸರಳ. ಹದಮಾಡಿದ ಆವೆಮಣ್ಣನ್ನು ಯಂತ್ರದ ಅಚ್ಚಿನ ಬಾಯಿಂದ ಹೊರದೂಡುವಾಗ ನಡುವೆ ಕಡ್ಡಿಗಳಿದ್ದರೆ ಮಣ್ಣು ತೂತುಗಳ ಸಮೇತ ಹೊರಬರುತ್ತದೆ. ಅದನ್ನು ತಂತಿಯಿಂದ ಕೊಯ್ದು, ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಗೋಡೆ ತೆಳುವಾದ್ದರಿಂದ ಬೇಗ ಒಣಗುತ್ತದೆ, ಒಳಗೂ ಹೊರಗೂ ಒಂದೇ ಸಮ ಬೇಯುತ್ತದೆ. ಮಣ್ಣೂ ಉಳಿಯಿತು, ಸೌದೆಯೂ ಉಳಿಯಿತು. ತೂತಿನೊಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಭಾರ ಕಡಿಮೆಯಾದ್ದರಿಂದ ಅಡಿಪಾಯಕ್ಕೂ ಹಗುರ. ಭಾರತೀಯ ಮಾನಕದ ಪ್ರಕಾರ ಇಂತಹ ಇಟ್ಟಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ಹೀರುವ ನೀರು ತನ್ನ ತೂಕದ ಶೇಕಡಾ 20ನ್ನು ಮೀರಬಾರದು.

ಟೊಳ್ಳಿನ ಗುಣವನ್ನು ಮನುಷ್ಯ ಬಹಳ ಹಿಂದೆಯೇ ಅರಿತಿದ್ದ. ಇಟಲಿಯ ರವೆನ್ನಾದ ಸಾನ್ ವಿಟಾಲೆ ಇಗರ್ಜಿಯ ಗುಮ್ಮಟವನ್ನು ಆರನೆಯ ಶತಮಾನದಲ್ಲೇ ಟೊಳ್ಳು ಮಣ್ಣಿನ ಕೊಳವೆಗಳಿಂದ ಕಟ್ಟಿದರು. 1851ರಲ್ಲಿ ಲಂಡನಿನ ಮಹಾಪ್ರದರ್ಶನದ ವೇಳೆಗೆ ಹೆನ್ರಿ ರಾಬರ್ಟ್ಸ್ ಎಂಬ ವಾಸ್ತುಶಿಲ್ಪಿ ಕೂಲಿಕಾರರ ಕುಟುಂಬಗಳಿಗಾಗಿ ಮಾದರಿ ಮನೆಗಳನ್ನು ಟೊಳ್ಳು ಇಟ್ಟಿಗೆಯಿಂದಲೇ ಕಟ್ಟಿ ತೋರಿಸಿದ. ಅಮೆರಿಕದ ಚಿಕಾಗೋ ನಗರ 1871ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ ಅಲ್ಲಿನವರು ಕಬ್ಬಿಣದ ತೊಲೆಗಳಿಗೆ ಟೊಳ್ಳು ಮಣ್ಣಿನ ಕವಚ ತೊಡಿಸಿದರು. ಬಡವನ ಮನೆಗೂ ಧನಿಕನ ಮಹಲಿಗೂ ಒಂದೇ ವಸ್ತು.

ಇದೇ ಕಾಲದ ಇನ್ನೊಂದು ಶೋಧ ನಮ್ಮ ಕರಾವಳಿಗೆ ಬಂತು. 1841ರಲ್ಲಿ ಅಲ್ಸಾಸಿನ ಆಲ್ಟ್‌ಕಿರ್ಶ್ ಊರಿನ ಗಿಲಾರ್ಡೊನಿ ಸಹೋದರರು ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಹಕ್ಕುಪತ್ರ ಪಡೆದಿದ್ದರು. ಆ ಊರು ಬಾಸೆಲ್ ನಗರಕ್ಕೆ ಹತ್ತಿರ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮತಾಂತರದಿಂದ ಕುಲಕಸುಬನ್ನೂ ಆಶ್ರಯವನ್ನೂ ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವ ಚಿಂತೆಯಲ್ಲಿ ಅವರು ನೇಯ್ಗೆ, ಮುದ್ರಣಗಳ ಜೊತೆಗೆ ಹಂಚನ್ನೂ ಕೈಗೆತ್ತಿಕೊಂಡರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. 1868ರಲ್ಲಿ ಅಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆ ಹೂಡಿದರು. ಮಿಷನ್ನಿನ ಕಾರ್ಖಾನೆಗಳು 1873ರಲ್ಲಿ ಕೋಝಿಕ್ಕೋಡಿಗೂ, 1887ರಲ್ಲಿ ಕೊಡಕ್ಕಲ್ಲಿಗೂ, 1905ರಲ್ಲಿ ಫೆರೋಕಿಗೂ ಹಬ್ಬಿದವು. ಮೊದಲ ಮಹಾಯುದ್ಧದ ತರುವಾಯ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಉತ್ತರಕ್ಕೆ ನೇತ್ರಾವತಿಯ ಮಣ್ಣು, ದಕ್ಷಿಣಕ್ಕೆ ಮಲಬಾರಿನ ಮಣ್ಣು. ನಡುವೆ ನಮ್ಮ ಕಾಸರಗೋಡು. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಗಡಿ ಬದಲಾದರೂ ಮಾಡಿನ ಹಂಚು ಬದಲಾಗಲಿಲ್ಲ. ಕನ್ನಡದವರು ಹಂಚೆಂದರು, ಮಲಯಾಳದವರು ಓಡೆಂದರು. ಹಳೆಯ ಮನೆಯ ಹಂಚನ್ನು ಮಗುಚಿದರೆ 1865 ಎಂಬ ಅಂಕೆ ಕಾಣುವುದುಂಟು. ಅದು ಮನೆಯ ಪ್ರಾಯವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಇದನ್ನು ತಿಳಿಯದೆ ತಮ್ಮ ತರವಾಡಿನ ಮನೆಗೆ ಐವತ್ತು ವರ್ಷ ಹೆಚ್ಚಿಗೆ ಲೆಕ್ಕ ಹಾಕುವವರು ಇಂದಿಗೂ ಇದ್ದಾರೆ.

ಹಂಚಿನ ಕಾರ್ಖಾನೆಗಳು ಮುಂದೆ ಟೊಳ್ಳು ಇಟ್ಟಿಗೆಯನ್ನೂ ತಯಾರಿಸಿದವು. ಹಾಗಾದರೆ ಹಂಚು ಮನೆಮನೆಗೆ ಹೋದಂತೆ ಇಟ್ಟಿಗೆ ಏಕೆ ಹೋಗಲಿಲ್ಲ? ಉತ್ತರ ನಮ್ಮ ಕಾಲಡಿಯಲ್ಲೇ ಇದೆ. ಹಂಚು ಬರುವ ಮುನ್ನ ಮುಳಿಹುಲ್ಲು, ಸೋಗೆ, ಮಡಲುಗಳನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಹೊದೆಸಬೇಕಿತ್ತು. ಬೆಂಕಿಯ ಭಯ ಬೇರೆ. ಹಂಚು ಆ ಕಷ್ಟವನ್ನು ತೀರಿಸಿತು. ಗೋಡೆಗೆ ಅಂತಹ ಕಷ್ಟವಿರಲಿಲ್ಲ. ಗುಡ್ಡ ಅಗೆದರೆ ಮುರಕಲ್ಲು, ಮಲಯಾಳದ ಚೆಂಗಲ್ಲು. ಒಳಗಿರುವಾಗ ಕೊಡಲಿಗೆ ಮಣಿಯುವಷ್ಟು ಮೆತ್ತಗೆ, ಗಾಳಿ ತಾಗಿದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ಇದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲ್ಯಾಟರ್' ಎಂದರೆ ಇಟ್ಟಿಗೆ. ಸ್ಥಳೀಯರು ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಆತನೇ ದಾಖಲಿಸಿದ್ದಾನೆ. ತೂತುತೂತಾದ ಇಟ್ಟಿಗೆಯನ್ನು ಪ್ರಕೃತಿಯೇ ಕೊಟ್ಟಿರುವಾಗ ಕಾರ್ಖಾನೆಯದನ್ನು ಯಾರು ಕೊಂಡಾರು? ವಸ್ತು ಒಳ್ಳೆಯದಾದರೆ ಸಾಲದು, ಅದು ಊರಿನ ಒಂದು ಕೊರತೆಯನ್ನು ನೀಗಬೇಕು.

ಈಗ ಕೊರತೆ ಬಂದಿದೆ. ಕಲ್ಲಿನ ಕೋರೆಗಳು ಗುಡ್ಡಗಳನ್ನು ಬೋಳು ಮಾಡಿವೆ. ಆದರೆ ಅದೇ ಹೊತ್ತಿಗೆ ಎರಡೂ ಕಡೆಯ ಹಂಚಿನ ಕಾರ್ಖಾನೆಗಳ ಹೊಗೆಗೊಳವೆಗಳು ಒಂದೊಂದಾಗಿ ತಣ್ಣಗಾದವು. ಕಾಂಕ್ರೀಟಿನ ಮೋಹ ಒಂದು ಕಾರಣ, ಆವೆಮಣ್ಣಿನ ಅಭಾವ ಇನ್ನೊಂದು. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬಯಲಿನ ಮಣ್ಣು ತೆಗೆಯುವುದು ಸುಲಭವಲ್ಲ. ಅದು ನ್ಯಾಯವೂ ಹೌದು. ಗದ್ದೆ ಅನ್ನ ಕೊಡುವ ನೆಲ. ಕಡಿಮೆ ಮಣ್ಣು ಬೇಡುವ ಟೊಳ್ಳು ಇಟ್ಟಿಗೆಗೆ ಬೆಲೆ ಬರುವುದು ಇಲ್ಲಿಯೇ. ವಿಪರ್ಯಾಸವೆಂದರೆ 2009ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಆಸ್ಟ್ರಿಯಾದ ಕಂಪೆನಿಯೊಂದು ಇದರ ದೊಡ್ಡ ಕಾರ್ಖಾನೆ ತೆರೆಯಿತು. ಯುರೋಪಿನಿಂದ ಮಂಗಳೂರಿಗೆ ಬಂದ ವಿದ್ಯೆ ಇಲ್ಲಿ ನಂದುತ್ತಿರುವಾಗ ಇನ್ನೊಮ್ಮೆ ಯುರೋಪಿನಿಂದಲೇ ಬರಬೇಕಾಯಿತು.

ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ (1917–2007) ಇನ್ನೊಂದು ದಾರಿ ತೋರಿದ್ದರು. ಸಾಮಾನ್ಯ ಇಟ್ಟಿಗೆಯನ್ನೇ ಅಂಚಿನ ಮೇಲೆ ನಿಲ್ಲಿಸಿ ಗೋಡೆಯೊಳಗೆ ಟೊಳ್ಳು ಬಿಡುವ ಕ್ರಮವನ್ನು ಅವರು ಮನೆಮಾತಾಗಿಸಿದರು. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಟೊಳ್ಳು ಇಟ್ಟಿಗೆಯಲ್ಲಾಗಲಿ ಟೊಳ್ಳು ಗೋಡೆಯಲ್ಲಾಗಲಿ ಮುಖ್ಯವಾದದ್ದು ಮೇಸ್ತ್ರಿಯ ಕೈ. ತೂತಿನ ಬಾಯಿ ಮಳೆಗೆ ತೆರೆದಿರಬಾರದು, ವಯರಿಂಗಿಗೆಂದು ಸಿಕ್ಕಲ್ಲೆಲ್ಲ ಉಳಿ ಹೊಡೆಯಬಾರದು, ಮಾಡಿನ ಭಾರ ಎಲ್ಲಿಗೆ ಇಳಿಯುತ್ತದೆಂಬುದನ್ನು ಮೊದಲೇ ಇಂಜಿನಿಯರರಲ್ಲಿ ಕೇಳಿ ತಿಳಿಯಬೇಕು.

ಹಂಚು ತಯಾರಿಸಿದ ಕೈಗಳು ಕನ್ನಡ, ತುಳು, ಮಲಯಾಳ ಮಾತಾಡುವ ಕೈಗಳು. ಮಣ್ಣಿನ ಹದ, ಗೂಡಿನ ಕಾವು ಬಲ್ಲ ಆ ಹಿರಿಯರಲ್ಲಿ ಕೆಲವರಾದರೂ ನಮ್ಮ ನಡುವೆ ಇದ್ದಾರೆ. ಅವರು ಬಲ್ಲುದನ್ನು ಎರಡೂ ಭಾಷೆಗಳಲ್ಲಿ ಬರೆದಿಡುವ ಕೆಲಸ ಈಗ ಆಗದಿದ್ದರೆ, ನಾಳೆ ನಮಗೆ ಉಳಿಯುವುದು ಹಂಚಿನ ಬೆನ್ನಿನ ಮೇಲಿನ ಅಂಕೆ ಮಾತ್ರ.