ಕೆರೆಯ ಏರಿ ಮತ್ತು ಹೊಣೆಯ ಎಲ್ಲೆ: ಪ್ರತಿವಾದಿ ವಕೀಲನ ಧರ್ಮ

ಹಾನಿ ಸಂಭವಿಸಿದಲ್ಲೆಲ್ಲ ತಪ್ಪಿತಸ್ಥನೊಬ್ಬನು ಇದ್ದೇ ಇರಬೇಕೆಂದು ಲೋಕವು ಭಾವಿಸುತ್ತದೆ. ನಷ್ಟವನ್ನು ಅನುಭವಿಸಿದವನ ದುಃಖಕ್ಕೆ ಈ ಭಾವನೆ ಸಹಜವಾದುದು. ಆದರೆ ಹಾನಿ ಬೇರೆ, ತಪ್ಪು ಬೇರೆ ಎಂಬುದನ್ನು ಜೈನಾಚಾರ್ಯರು ಬಹು ಹಿಂದೆಯೇ ವಿವೇಚಿಸಿದ್ದಾರೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಅದಕ್ಕೆ ಪ್ರಮಾದದ ಸಂಬಂಧವನ್ನೂ ಸೇರಿಸಿದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಇನ್ನಷ್ಟು ವಿಶದಪಡಿಸಿದ್ದಾರೆ: ಈರ್ಯಾಸಮಿತಿಯಿಂದ ನೆಲವನ್ನು ನೋಡಿ ನಡೆಯುವ ಮುನಿಯ ಪಾದದಡಿಗೆ ಸಿಕ್ಕಿ ಜೀವಿಯೊಂದು ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲ, ಎಚ್ಚರವಿಲ್ಲದೆ ನಡೆಯುವವನಿಗೆ ಜೀವಿ ಸಾಯದೆ ಉಳಿದರೂ ಹಿಂಸೆ ತಪ್ಪದು. ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆಯನ್ನು ಎದುರಿಸುವ ಪ್ರತಿವಾದಿಯ ವಕೀಲನು ನಿತ್ಯ ನಿಂತಿರುವುದು ಇದೇ ಗೆರೆಯ ಮೇಲೆ.

ಈ ಪ್ರಶ್ನೆಯ ಗುರುತ್ವವು ಕೆರೆಗಳನ್ನು ನಂಬಿದ ಸೀಮೆಯಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿಯೂ ಮಳೆಯನ್ನು ನಂಬಿದ ಹೊಳೆಯೇ. ಆದುದರಿಂದ ಪೂರ್ವಿಕರು ಹಳ್ಳಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸೇರುವಂತೆ ಮಾಲೆಯಾಗಿ ಕೆರೆಗಳನ್ನು ನಿರ್ಮಿಸಿದರು. ತೂಬನ್ನು ಕಾಯಲು ನೀರಗಂಟಿಯನ್ನು ನೇಮಿಸಿದರು. ಏರಿಯ ದುರಸ್ತಿಗಾಗಿ ಭೂಮಿಯನ್ನು ಬಿಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಕೆರೆ ಜೀವನಾಧಾರವಾದುದು ನಿಜ. ಆದರೆ ಮೇಲಿನ ಕೆರೆಯ ಏರಿ ಒಡೆದ ರಾತ್ರಿ ಕೆಳಗಿನ ಊರು ಉಳಿಯುವುದು ಕಷ್ಟ. ಆಗ ನಷ್ಟವನ್ನು ತುಂಬಿಕೊಡಬೇಕಾದವರು ಯಾರು?

ಈ ಪ್ರಶ್ನೆಯು ಕೋಲಾರದ ಪೂರ್ವದ ಗಡಿಯಾಚೆಗಿನ ಇಂಥದೇ ಕೆರೆಗಳ ನಾಡಿನಿಂದ ಹೊರಟು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಂದಿನ ಉತ್ತರ ಆರ್ಕಾಟು ಜಿಲ್ಲೆಗೆ ಸೇರಿದ್ದ, ಇಂದು ಆಂಧ್ರಪ್ರದೇಶದಲ್ಲಿರುವ ಕಾರ್ವೇಟಿನಗರದ ಜಮೀನ್ದಾರರ ಸ್ವಾಧೀನದಲ್ಲಿದ್ದ ಪುರಾತನ ಕೆರೆಗಳು ಅತಿವೃಷ್ಟಿಯಿಂದ ಒಡೆದು, ಮದ್ರಾಸ್ ರೈಲ್ವೆ ಕಂಪನಿಯ ಮಾರ್ಗಕ್ಕೂ ಸೇತುವೆಗಳಿಗೂ ಹಾನಿಯಾಯಿತು. ಕಂಪನಿಯು ಪರಿಹಾರಕ್ಕಾಗಿ ದಾವೆ ಹೂಡಿತು.

ಕಂಪನಿಯ ಕೈಯಲ್ಲಿ ಪ್ರಬಲವಾದ ಆಧಾರವಿತ್ತು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ರೈಲಂಡ್ಸ್ ಎಂಬ ಗಿರಣಿಯ ಮಾಲೀಕನು ಕಟ್ಟಿಸಿದ ಜಲಾಶಯದ ನೀರು 1860ರಲ್ಲಿ ಹಳೆಯ ಸುರಂಗಗಳ ಮೂಲಕ ಇಳಿದು ಫ್ಲೆಚರ್ ಎಂಬವನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತ್ತು. ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸಿದ್ದ ರೈಲಂಡ್ಸನದು ಸ್ವತಃ ಯಾವ ನಿರ್ಲಕ್ಷ್ಯವೂ ಇರಲಿಲ್ಲ. ಆದರೂ 1868ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣೆಗಾರನನ್ನಾಗಿ ಮಾಡಿತು. ತನ್ನ ಪ್ರಯೋಜನಕ್ಕಾಗಿ ಅಪಾಯಕರವಾದ ವಸ್ತುವನ್ನು ಭೂಮಿಯಲ್ಲಿ ಕೂಡಿಟ್ಟವನು ಅದು ಹೊರಹೋದಾಗ ಉಂಟಾಗುವ ಹಾನಿಗೆ ಉತ್ತರಿಸಬೇಕೆಂಬುದು ಆ ತೀರ್ಪಿನ ಸಾರ. ಇದನ್ನು ಇದ್ದಂತೆಯೇ ಅನ್ವಯಿಸಿದ್ದರೆ ದಕ್ಷಿಣ ಭಾರತದ ಪ್ರತಿಯೊಂದು ಕೆರೆಯೂ ಅದನ್ನು ನೋಡಿಕೊಳ್ಳುವವನ ತಲೆಯ ಮೇಲೆ ತೂಗುವ ಕಲ್ಲಾಗುತ್ತಿತ್ತು.

ಜಮೀನ್ದಾರರ ಪರವಾದ ವಾದದ ಶಕ್ತಿಯಿದ್ದುದು ವಾಸ್ತವವನ್ನು ಸರಿಯಾಗಿ ಮುಂದಿಟ್ಟುದರಲ್ಲಿ. ಈ ಕೆರೆಗಳು ಜಮೀನ್ದಾರರು ಸ್ವಂತ ಲಾಭಕ್ಕಾಗಿ ಹೊಸದಾಗಿ ತೋಡಿದವಲ್ಲ. ಅವು ಅನಾದಿಯಿಂದ ಬಂದ ನೀರಾವರಿ ವ್ಯವಸ್ಥೆಯ ಅಂಗಗಳು; ಪ್ರಜೆಗಳ ಬದುಕಿಗೆ ಅನಿವಾರ್ಯವಾದವು. ಜಮೀನ್ದಾರರಿಗೆ ಅವುಗಳನ್ನು ಮುಚ್ಚುವ ಅಧಿಕಾರವಿಲ್ಲ, ಕಾಪಾಡುವ ಕರ್ತವ್ಯ ಮಾತ್ರ ಇದೆ. ಮದ್ರಾಸ್ ಹೈಕೋರ್ಟಿನಲ್ಲಿ ಸೋತ ಕಂಪನಿಯು ಸಲ್ಲಿಸಿದ ಮೇಲ್ಮನವಿಯನ್ನು 1874ರಲ್ಲಿ ಪ್ರಿವಿ ಕೌನ್ಸಿಲ್ ವಜಾ ಮಾಡಿತು. ಕರ್ತವ್ಯವೆಂದು ಕೆರೆಯನ್ನು ಕಾಯುವವನು ನಿರ್ಲಕ್ಷ್ಯ ತೋರಿದ್ದರೆ ಮಾತ್ರ ಹೊಣೆಗಾರನಾಗುವನೆಂದೂ, ಇಲ್ಲಿ ಅಂತಹ ನಿರ್ಲಕ್ಷ್ಯ ಸಿದ್ಧವಾಗಿಲ್ಲವೆಂದೂ ನಿರ್ಣಯಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಏರಿಯನ್ನು ಹೇಗಾದರೂ ಬಿಟ್ಟಿರಬಹುದೆಂದು ಆ ತೀರ್ಪು ಹೇಳಲಿಲ್ಲ. ಎಚ್ಚರದಿಂದ ನೋಡಿಕೊಂಡವನಿಗೆ ಮಾತ್ರ ಅದು ರಕ್ಷೆ. ಏರಿಯ ಬಿರುಕನ್ನು ಕಂಡೂ ಸುಮ್ಮನಿದ್ದು, ಕೋಡಿಯ ಹೂಳನ್ನು ತೆಗೆಯದೆ, ಒಡೆದ ಮೇಲೆ ದೈವದತ್ತ ಮಳೆಯನ್ನು ದೂರುವವನಿಗೆ ಅದರಲ್ಲಿ ಆಶ್ರಯವಿಲ್ಲ. ಗುಜರಾತಿನ ಜಲಾಶಯವೊಂದರಿಂದ ಬಿಟ್ಟ ನೀರು ರೈತರ ಜಮೀನಿಗೆ ನುಗ್ಗಿದ ಪ್ರಕರಣದಲ್ಲಿ ಅತಿವೃಷ್ಟಿಯೇ ಕಾರಣವೆಂಬ ಸರ್ಕಾರದ ಸಮರ್ಥನೆಯನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಒಪ್ಪಲಿಲ್ಲ. ಮುಂದಾಲೋಚನೆಯಿಂದ ನಿವಾರಿಸಬಹುದಾದ ಹಾನಿಯನ್ನು ದೈವದ ಮೇಲೆ ಹೊರಿಸುವಂತಿಲ್ಲ. ಶಾಸ್ತ್ರದ ಮಾತಿನಲ್ಲಿ ಇದೇ ಪ್ರಮಾದ.

ಎಚ್ಚರಿಕೆಯ ಸಮರ್ಥನೆಗೂ ಅವಕಾಶ ಕೊಡಬಾರದಷ್ಟು ಅಪಾಯಕರವಾದ ಉದ್ಯಮಗಳೂ ಇವೆ. 1984ರ ಭೋಪಾಲ ದುರಂತದ ನಂತರ, ದೆಹಲಿಯ ಕಾರ್ಖಾನೆಯೊಂದರ ಅನಿಲ ಸೋರಿಕೆಯ ಪ್ರಕರಣದಲ್ಲಿ, 1986ರ ತೀರ್ಪಿನ ಮೂಲಕ ಸರ್ವೋಚ್ಚ ನ್ಯಾಯಾಲಯವು ಇಂಥವುಗಳಿಗೆ ವಿನಾಯಿತಿಯೇ ಇಲ್ಲದ ಪೂರ್ಣ ಹೊಣೆಯನ್ನು ವಿಧಿಸಿತು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಗಾರಿಕೆಯ ಸ್ಫೋಟಕಗಳು ಸಿಡಿದು 6 ಮಂದಿ ಮೃತರಾದುದು ಈ ಭಾಗದ ಜನರ ನೆನಪಿನಿಂದ ಮಾಸಿಲ್ಲ. ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ಭೂಮಿಯನ್ನು ಒಡೆಯುವ ಸ್ಫೋಟಜೀವಿಕೆಯೂ, ಕೆರೆಕೊಳಗಳನ್ನು ಒಣಗಿಸುವ ಸರಃಶೋಷವೂ ಎಣಿಕೆಯಾಗಿವೆ. ಕೆರೆಯನ್ನು ಕಾಯುವವನಿಗೂ ಸ್ಫೋಟಕವನ್ನು ಕೂಡಿಡುವವನಿಗೂ ನ್ಯಾಯಶಾಸ್ತ್ರ ಮಾಡಿದ ಭೇದವು ಶ್ರಾವಕಾಚಾರಕ್ಕೆ ಅಪರಿಚಿತವಲ್ಲ.

ಹಾಗಾದರೆ ಹಾನಿ ಮಾಡಿದನೆಂಬ ಆರೋಪಕ್ಕೆ ಗುರಿಯಾದವನ ಪರವಾಗಿ ವಾದಿಸುವುದು ಅಣುವ್ರತಿಗೆ ಉಚಿತವೇ? ಉತ್ತರವು ಆ ವಕೀಲನು ವೃತ್ತಿಯನ್ನು ನಡೆಸುವ ರೀತಿಯಲ್ಲಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರತಿವಾದಿಯು ಲಿಖಿತ ಹೇಳಿಕೆಯಲ್ಲಿ ವಾದಿಯ ಪ್ರತಿಯೊಂದು ಆಪಾದನೆಗೂ ನಿರ್ದಿಷ್ಟವಾಗಿ ಉತ್ತರಿಸಬೇಕು; ಜಾರಿಕೆಯ ನಿರಾಕರಣೆಯನ್ನು ಒಪ್ಪಿಗೆಯೆಂದೇ ಗಣಿಸಬಹುದು. ಹೇಳಿಕೆಯ ಕೊನೆಗೆ ಅದು ಸತ್ಯವೆಂದು ಪ್ರಮಾಣೀಕರಿಸಬೇಕು. ಅಪಘಾತದ ಸ್ಥಳವನ್ನು ನೋಡುವುದು, ದುರಸ್ತಿಯ ಲೆಕ್ಕಗಳನ್ನು ಪರಿಶೀಲಿಸುವುದು, ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಪರೀಕ್ಷಿಸುವುದು, ಕೇಳಿದ ಮೊತ್ತ ನ್ಯಾಯವಾದುದೇ ಎಂದು ಲೆಕ್ಕಹಾಕುವುದು, ಇವೆಲ್ಲ ಅವನ ನಿತ್ಯದ ಕೆಲಸ. ಇವುಗಳಲ್ಲಿ ಯಾವುದಕ್ಕೂ ಅಸತ್ಯದ ಅಗತ್ಯವಿಲ್ಲ.

ಆದರೆ ಸತ್ಯಾಣುವ್ರತದ ಐದು ಅತಿಚಾರಗಳನ್ನು ಈ ವೃತ್ತಿಯ ಎದುರಿಗಿಟ್ಟು ನೋಡಿದರೆ ಅವು ವಕೀಲನಿಗಾಗಿಯೇ ಹೇಳಿದಂತಿವೆ. ಕಕ್ಷಿದಾರನಿಗೆ ತಪ್ಪು ದಾರಿ ತೋರಿಸುವುದು ಮಿಥ್ಯೋಪದೇಶ. ಹಳೆಯ ತಾರೀಖು ಹಾಕಿ ದುರಸ್ತಿಯ ರಸೀದಿಯನ್ನು ಸೃಷ್ಟಿಸುವುದು ಕೂಟಲೇಖ. ಕಕ್ಷಿದಾರನು ನಂಬಿ ಕೊಟ್ಟ ಹಣವನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರ. ಇನ್ನೊಬ್ಬರ ಏಕಾಂತದ ಮಾತನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ, ಮುಖಚರ್ಯೆಯಿಂದ ಅರಿತ ಗುಟ್ಟನ್ನು ಪ್ರಕಟಿಸುವ ಸಾಕಾರಮಂತ್ರಭೇದವೂ ಉಳಿದೆರಡು. ಕಕ್ಷಿದಾರನು ವಿಶ್ವಾಸದಿಂದ ಹೇಳಿದುದನ್ನು ವಕೀಲನು ಹೊರಗೆಡಹಬಾರದೆಂದು ಸಾಕ್ಷ್ಯ ಕಾನೂನೂ ವಿಧಿಸುತ್ತದೆ. ಗುಟ್ಟನ್ನು ಕಾಯಬೇಕು, ಸುಳ್ಳನ್ನು ಕಟ್ಟಬಾರದು: ಎರಡನ್ನೂ ಕೂಡಿಸಿ ನಡೆಯುವುದೇ ಈ ವೃತ್ತಿಯ ಕಠಿಣವಾದ ತಪಸ್ಸು.

ಶ್ರೀಮದ್ ರಾಜಚಂದ್ರರ ಪ್ರಭಾವಕ್ಕೆ ಒಳಗಾಗಿದ್ದ ಗಾಂಧೀಜಿಯವರು ದಕ್ಷಿಣ ಆಫ್ರಿಕಾದ ವಕೀಲಿ ವೃತ್ತಿಯ ಪ್ರಸಂಗವೊಂದನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ. ಲೆಕ್ಕಗಳ ವ್ಯಾಜ್ಯವೊಂದರಲ್ಲಿ ಪಂಚಾಯತಿಯ ತೀರ್ಪು ಅವರ ಕಕ್ಷಿದಾರನಿಗೇ ಅನುಕೂಲವಾಗಿತ್ತು. ಆದರೆ ಅದರಲ್ಲಿ ಜಮೆ ಮತ್ತು ಖರ್ಚಿನ ಅದಲುಬದಲಾಗಿ ತಪ್ಪೊಂದು ಸೇರಿತ್ತು. ಅದನ್ನು ತಾವಾಗಿ ಒಪ್ಪಿಕೊಳ್ಳಬೇಕಿಲ್ಲವೆಂದು ಹಿರಿಯ ವಕೀಲರು ಅಭಿಪ್ರಾಯಪಟ್ಟರು. ಗಾಂಧೀಜಿಯವರು ಕಕ್ಷಿದಾರನನ್ನು ಒಪ್ಪಿಸಿ, ನ್ಯಾಯಾಲಯದಲ್ಲಿ ತಪ್ಪನ್ನು ತಾವೇ ತಿಳಿಸಿದರು. ನ್ಯಾಯಾಧೀಶರು ಮೊದಲು ಸಂಶಯಪಟ್ಟರೂ ಕೊನೆಗೆ ಆ ಒಂದು ತಪ್ಪನ್ನು ತಿದ್ದಿ ತೀರ್ಪಿನ ಉಳಿದ ಭಾಗವನ್ನು ಎತ್ತಿಹಿಡಿದರು. ಸತ್ಯವು ಆ ಕಕ್ಷಿದಾರನನ್ನು ಮುಳುಗಿಸಲಿಲ್ಲ.

ಬಸದಿಗಳನ್ನೂ ಛತ್ರಗಳನ್ನೂ ನಡೆಸುವ ಟ್ರಸ್ಟುಗಳಿಗೆ ಈ ಚರಿತ್ರೆಯು ದೂರದ ಸಂಗತಿಯಲ್ಲ. ಪ್ರಾಚೀನ ಬಸದಿಯೂ ಪ್ರಾಚೀನ ಕೆರೆಯಂತೆಯೇ. ಇಂದಿನ ಧರ್ಮದರ್ಶಿಗಳು ಅದನ್ನು ಕಟ್ಟಿದವರಲ್ಲ, ಕಾಯುವವರು. ಶಿಥಿಲವಾದ ಗೋಡೆ, ಜಾರುವ ಮೆಟ್ಟಿಲು, ಉತ್ಸವದ ಕಾಲದಲ್ಲಿ ಹಾಕುವ ಅಟ್ಟಣಿಗೆ, ವಿದ್ಯುತ್ ತಂತಿ, ಅನ್ನಸಂತರ್ಪಣೆಯ ಅಡಿಗೆಮನೆ, ಇವುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವುದು ವ್ಯಾಜ್ಯ ಬಂದಾಗ ಉತ್ತಮವಾದ ಸಮರ್ಥನೆ. ಅದಕ್ಕೂ ಮೊದಲು ಅದು ಅಹಿಂಸೆಯ ಆಚರಣೆ. ದಾಖಲೆಯಿಲ್ಲದ ಟ್ರಸ್ಟಿನ ಪರವಾಗಿ ಎಷ್ಟೇ ಸಮರ್ಥನಾದ ವಕೀಲನು ನಿಂತರೂ ಅವನ ಕೈ ಬರಿದು.

ತಪ್ಪಿಲ್ಲದಿದ್ದರೂ ಕೊಡುವ ಪದ್ಧತಿಯನ್ನು ಕಾನೂನು ಕೂಡ ನಿಧಾನವಾಗಿ ಅಂಗೀಕರಿಸಿದೆ. ಮೋಟಾರು ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ, ಚಾಲಕನ ತಪ್ಪನ್ನು ಸಾಧಿಸದೆಯೇ 15,000 ರೂಪಾಯಿ ನೀಡುವ ವಿಧಿಯು 1982ರ ತಿದ್ದುಪಡಿಯಿಂದ ಬಂದಿತು. 2019ರ ತಿದ್ದುಪಡಿಯು ಅಂತಹ ಪರಿಹಾರವನ್ನು 5 ಲಕ್ಷ ರೂಪಾಯಿಗಳಿಗೆ ನಿಗದಿಪಡಿಸಿತು. ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ನೊಂದವನಿಗೆ ಕೊಡುವ ಮೊದಲು ಅದು ತಪ್ಪಿನ ಲೆಕ್ಕವನ್ನು ಕೇಳುವುದಿಲ್ಲ. ತಪ್ಪು ಯಾರದೆಂಬುದನ್ನು ವಕೀಲನು ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ವಾದಿಸಲಿ. ಗೆದ್ದ ಮೇಲೆ ಗಾಯಗೊಂಡವನ ಮನೆಗೆ ಹೋಗಿ ನೆರವಾಗುವುದನ್ನು ಯಾವ ತೀರ್ಪೂ ತಡೆಯುವುದಿಲ್ಲ. ಹೊಣೆಯ ಎಲ್ಲೆ ಮುಗಿದಲ್ಲಿಂದ ಶ್ರಾವಕನ ಕರುಣೆ ಆರಂಭವಾಗಬೇಕು.